ಮದುವೆ ಮುಹೂರ್ತ: ಲೆಕ್ಕ ಎಷ್ಟು, ನಂಬಿಕೆ ಎಷ್ಟು, ಬಾಯಿಮಾತು ಎಷ್ಟು

'ದಿವಾ ಗಂಟೆ 9-45ರಿಂದ 10-30ರೊಳಗೆ ಸಲ್ಲುವ ಶುಭ ಮಿಥುನ ಲಗ್ನದಲ್ಲಿ...' ಕರ್ನಾಟಕದ ಹೆಚ್ಚಿನ ಲಗ್ನಪತ್ರಿಕೆಗಳಲ್ಲಿ ಇಂಥದ್ದೊಂದು ಸಾಲು ಇದ್ದೇ ಇರುತ್ತದೆ. ಛತ್ರ ಗೊತ್ತುಮಾಡುವುದು, ಅಡುಗೆಯವರಿಗೆ ಹೇಳುವುದು, ದಿಬ್ಬಣದ ಬಸ್ಸು ಹೊರಡಿಸುವುದು ಎಲ್ಲವೂ ಆ ಸಾಲನ್ನು ನೋಡಿಕೊಂಡೇ ನಡೆಯುತ್ತವೆ. ಆದರೆ ಆ ಮುಕ್ಕಾಲು ಗಂಟೆ ಎಲ್ಲಿಂದ ಬಂತು, ಅಷ್ಟರೊಳಗೆ ಆಗಲೇಬೇಕಾದ ಕೆಲಸ ಯಾವುದು ಎಂದು ಕೇಳಿದರೆ ಎರಡೂ ಮನೆಯವರು ಪುರೋಹಿತರ ಮುಖ ನೋಡುತ್ತಾರೆ. ಇದು ಗೊತ್ತಿಲ್ಲದೇ ಇರುವುದರಿಂದಲೇ ಮಂಟಪದಲ್ಲಿ ಬೇಡದ ಗಡಿಬಿಡಿ ಆಗುತ್ತದೆ, ಹೆಣ್ಣುಮಕ್ಕಳ ಮೇಲೆ ಬೇಡದ ಅಪವಾದ ಬರುತ್ತದೆ. ಮುಹೂರ್ತದ ಹಿಂದೆ ಒಂದು ಲೆಕ್ಕವಿದೆ. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಂಬುವವರು ಲೆಕ್ಕವನ್ನು ಸರಿಯಾಗಿ ತಿಳಿದು ನಂಬಬೇಕು.

ತಿಂಗಳು ಮೊದಲು, ಗಳಿಗೆ ಕೊನೆಗೆ

ಮುಹೂರ್ತ ಇಡುವವರು ಮೊದಲು ಆಗದ ಕಾಲವನ್ನು ತೆಗೆದುಹಾಕುತ್ತಾರೆ. ಆಷಾಢ, ಭಾದ್ರಪದದ ಪಿತೃಪಕ್ಷ, ಸೂರ್ಯ ಧನು ರಾಶಿಯಲ್ಲಿರುವ ಧನುರ್ಮಾಸ (ಸುಮಾರು ಡಿಸೆಂಬರ್ 16ರಿಂದ ಜನವರಿ 14ರವರೆಗೆ) ಮತ್ತು ಅಧಿಕಮಾಸ ಇಷ್ಟೂ ಹೊರಗೆ. ಅಧಿಕಮಾಸ 19 ವರ್ಷಕ್ಕೆ 7 ಸಲ ಬರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ. ಜ್ಯೇಷ್ಠ ಅಧಿಕವಾದ ವರ್ಷ ಮೇ ಮಧ್ಯದಿಂದ ಜೂನ್ ಮಧ್ಯದವರೆಗಿನ ಮದುವೆ ಹಂಗಾಮು ಪೂರ್ತಿ ಕೈತಪ್ಪುವುದರಿಂದ ಅದರ ಹಿಂದುಮುಂದಿನ ವಾರಗಳಲ್ಲಿ ಛತ್ರ ಸಿಗುವುದು ಕಷ್ಟ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ತಡೆ ಎಂದರೆ ಮೌಢ್ಯ. ಗುರು ಅಥವಾ ಶುಕ್ರ ಸೂರ್ಯನಿಗೆ ತೀರಾ ಹತ್ತಿರ ಬಂದು ಬರಿಗಣ್ಣಿಗೆ ಕಾಣದಾದಾಗ ಆ ಗ್ರಹ 'ಅಸ್ತ'ವಾಗಿದೆ ಎನ್ನುತ್ತಾರೆ. ಗುರು ಸುಮಾರು 13 ತಿಂಗಳಿಗೊಮ್ಮೆ ನಾಲ್ಕು ವಾರದ ಆಸುಪಾಸು ಹೀಗೆ ಮರೆಯಾಗುತ್ತಾನೆ. ಶುಕ್ರ 584 ದಿನಗಳ ಒಂದು ಸುತ್ತಿನಲ್ಲಿ ಎರಡು ಸಲ ಮರೆಯಾಗುತ್ತಾನೆ: ಒಮ್ಮೆ ಸೂರ್ಯನ ಆಚೆ ಇರುವಾಗ ಎರಡು ತಿಂಗಳ ಹತ್ತಿರ, ಇನ್ನೊಮ್ಮೆ ನಮಗೂ ಸೂರ್ಯನಿಗೂ ನಡುವೆ ಬಂದಾಗ ಕೆಲವೇ ದಿನ. 2024ರಲ್ಲಿ ಗುರು ಮೇ ತಿಂಗಳಲ್ಲೂ ಶುಕ್ರ ಜೂನ್ ಆರಂಭದಲ್ಲೂ ಸೂರ್ಯನ ಜೊತೆ ಸೇರಿದರು. ಬಹುತೇಕ ಪಂಚಾಂಗಗಳು ಆ ಎರಡು ತಿಂಗಳು ಮದುವೆಗೆ ಮುಹೂರ್ತ ಕೊಡಲಿಲ್ಲ, ಬೇಸಿಗೆ ರಜೆಯಲ್ಲೂ ಮಂಟಪಗಳು ಖಾಲಿ ಉಳಿದವು.

ಆಷಾಢದ ವಿಷಯದಲ್ಲಿ ಒಂದು ಪ್ರಾದೇಶಿಕ ತೊಡಕಿದೆ. ಹಳೇ ಮೈಸೂರು, ಬಯಲುಸೀಮೆಯವರದು ಚಾಂದ್ರಮಾನದ ಆಷಾಢ. ಅದು ಭೀಮನ ಅಮಾವಾಸ್ಯೆಗೆ ಮುಗಿಯುತ್ತದೆ. ತುಳುನಾಡಿನವರು ಬಿಡುವುದು ಸೌರಮಾನದ ಆಟಿಯನ್ನು, ಎಂದರೆ ಸುಮಾರು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮಂಗಳೂರಿನ ಹುಡುಗ, ಹಾಸನದ ಹುಡುಗಿ ಎಂದಾದರೆ ಒಬ್ಬರಿಗೆ ಒಳ್ಳೆಯದಾದ ವಾರ ಇನ್ನೊಬ್ಬರಿಗೆ ಆಗುವುದಿಲ್ಲ. ಮಾತುಕತೆಯ ದಿನವೇ ಇದನ್ನು ಬಾಯಿಬಿಟ್ಟು ಹೇಳಿಕೊಂಡರೆ ಆಮೇಲಿನ ಮುನಿಸು ತಪ್ಪುತ್ತದೆ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಹೊಸ ಸೊಸೆ ತವರಿಗೆ ಹೋಗಬೇಕು ಎಂಬುದಕ್ಕೆ ಹಿರಿಯರು ಕೊಡುವ ಕಾರಣ ಎರಡು: ಆಷಾಢದಲ್ಲಿ ಬಸಿರಾದರೆ ಹೆರಿಗೆ ಚೈತ್ರದ ಬಿರುಬಿಸಿಲಿಗೆ ಬರುತ್ತದೆ, ಜೊತೆಗೆ ಅದು ಹೊಲದ ಕೆಲಸ ತಲೆಮೇಲಿರುವ ಕಾಲ.

ಉಳಿದ ತಿಂಗಳುಗಳಲ್ಲಿ ಚೌತಿ, ನವಮಿ, ಚತುರ್ದಶಿ ಎಂಬ ರಿಕ್ತ ತಿಥಿಗಳನ್ನೂ ಅಮಾವಾಸ್ಯೆಯನ್ನೂ ಬಿಡುತ್ತಾರೆ. ವಾರಗಳಲ್ಲಿ ಮಂಗಳವಾರ ಬೇಡ. ಸೋಮ, ಬುಧ, ಗುರು, ಶುಕ್ರ ಉತ್ತಮ. ಇಂದು ಎಲ್ಲರೂ ಮುಗಿಬೀಳುವ ಭಾನುವಾರ ಈ ಉತ್ತಮರ ಪಟ್ಟಿಯಲ್ಲಿಲ್ಲ. ಅದು ರಜೆಯ ಅನುಕೂಲ, ಅಷ್ಟೇ. ವಾರದ ನಡುವೆ ಮದುವೆ ಇಟ್ಟುಕೊಳ್ಳಲು ಒಪ್ಪುವವರಿಗೆ ಒಳ್ಳೆಯ ಲಗ್ನವೂ ಒಳ್ಳೆಯ ಛತ್ರವೂ ಸುಲಭವಾಗಿ ಸಿಗುತ್ತವೆ.

ತಾರಾಬಲ: ಬೆರಳೆಣಿಕೆಯಲ್ಲಿ ಆಗುವ ಲೆಕ್ಕ

ಮದುವೆಗೆ ಒಪ್ಪಿತವಾದ ನಕ್ಷತ್ರಗಳು 11: ರೋಹಿಣಿ, ಮೃಗಶಿರ, ಮಖ, ಉತ್ತರಾ, ಹಸ್ತ, ಸ್ವಾತಿ, ಅನುರಾಧ, ಮೂಲ, ಉತ್ತರಾಷಾಢ, ಉತ್ತರಾಭಾದ್ರ, ರೇವತಿ. ಇವುಗಳಲ್ಲಿ ಯಾವುದು ಈ ಜೋಡಿಗೆ ಹೊಂದುತ್ತದೆ ಎಂದು ನೋಡುವುದೇ ತಾರಾಬಲ. ಜನ್ಮನಕ್ಷತ್ರದಿಂದ ಮುಹೂರ್ತದ ನಕ್ಷತ್ರದವರೆಗೆ (ಎರಡನ್ನೂ ಸೇರಿಸಿ) ಎಣಿಸಿ, 9ರಿಂದ ಭಾಗಿಸಿ, ಶೇಷ ನೋಡಬೇಕು. 1 ಜನ್ಮ, 2 ಸಂಪತ್, 3 ವಿಪತ್, 4 ಕ್ಷೇಮ, 5 ಪ್ರತ್ಯಕ್, 6 ಸಾಧನ, 7 ನೈಧನ, 8 ಮಿತ್ರ, ಶೇಷ ಉಳಿಯದಿದ್ದರೆ ಪರಮಮಿತ್ರ. 3, 5, 7 ಬಂದರೆ ಆ ದಿನ ಬಿಡುತ್ತಾರೆ. ಜನ್ಮತಾರೆಯನ್ನೂ ಹಲವರು ಬಿಡುತ್ತಾರೆ.

ಹುಡುಗಿಯದು ರೋಹಿಣಿ (ಅಶ್ವಿನಿಯಿಂದ ಎಣಿಸುವ 27 ನಕ್ಷತ್ರಗಳ ಸಾಲಿನಲ್ಲಿ 4ನೆಯದು), ಹುಡುಗನದು ಪುಷ್ಯ (8ನೆಯದು) ಎಂದಿಟ್ಟುಕೊಳ್ಳಿ. ಉತ್ತರಾ (12) ನೋಡಿದರೆ ಹುಡುಗಿಗೆ 9, ಪರಮಮಿತ್ರ. ಆದರೆ ಹುಡುಗನಿಗೆ 5, ಪ್ರತ್ಯಕ್, ಆಗದು. ಮರುದಿನದ ಹಸ್ತ ಹುಡುಗನಿಗೆ 6, ಚೆನ್ನಾಗಿದೆ. ಹುಡುಗಿಗೆ 10, ಶೇಷ 1, ಜನ್ಮತಾರೆ. ಸ್ವಾತಿ ಹುಡುಗನಿಗೆ ಮಿತ್ರ, ಹುಡುಗಿಗೆ 12, ಶೇಷ 3, ವಿಪತ್. ರೇವತಿಗೆ (27) ಬಂದಾಗ ಹುಡುಗಿಗೆ 24, ಶೇಷ 6, ಸಾಧನ. ಹುಡುಗನಿಗೆ 20, ಶೇಷ 2, ಸಂಪತ್. ಇಬ್ಬರಿಗೂ ಕೂಡಿಬಂತು. 'ಈ ತಿಂಗಳಲ್ಲಿ ಇಷ್ಟೊಂದು ಮುಹೂರ್ತ ಇದೆಯಂತೆ, ನಮಗೆ ಮಾತ್ರ ಯಾಕೆ ಒಂದೇ?' ಎಂಬ ಪ್ರಶ್ನೆಗೆ ಉತ್ತರ ಇದು. ಕ್ಯಾಲೆಂಡರಿನ ಹಿಂಬದಿಯಲ್ಲಿ ಅಚ್ಚಾಗಿರುವುದು ಊರಿಗೆಲ್ಲ ಒಂದೇ ಆದ ಪಟ್ಟಿ, ಅದರಲ್ಲಿ ವಧೂವರರ ಎಣಿಕೆ ಸೇರಿರುವುದಿಲ್ಲ.

ಇದರ ಜೊತೆ ಚಂದ್ರಬಲ ನೋಡುತ್ತಾರೆ: ಆ ದಿನದ ಚಂದ್ರ ಇಬ್ಬರ ಜನ್ಮರಾಶಿಯಿಂದಲೂ ಎಂಟನೆಯ ರಾಶಿಯಲ್ಲಿ ಇರಬಾರದು. ಗುರು ಜನ್ಮರಾಶಿಯಿಂದ 2, 5, 7, 9, 11ನೆಯ ರಾಶಿಯಲ್ಲಿದ್ದರೆ ಗುರುಬಲ. ಗುರು ಒಂದು ರಾಶಿಯಲ್ಲಿ ಒಂದು ವರ್ಷದ ಹತ್ತಿರ ಇರುವುದರಿಂದ 'ಗುರುಬಲ ಮುಗಿಯುವುದರೊಳಗೆ ಮಾಡಿಬಿಡೋಣ' ಎಂಬ ಅವಸರ ಹುಟ್ಟುತ್ತದೆ.

ಲಗ್ನಕ್ಕೆ ಊರು ಬೇಕು

ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿಯೇ ಲಗ್ನ. ದಿನಕ್ಕೆ 12 ರಾಶಿ, ಸರಾಸರಿ 2 ಗಂಟೆಗೊಂದು. ಎಲ್ಲವೂ ಸಮ ಇರುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಮೀನ ಲಗ್ನ 1 ಗಂಟೆ 40 ನಿಮಿಷದಲ್ಲೇ ಮುಗಿಯುತ್ತದೆ, ಮಿಥುನ, ವೃಶ್ಚಿಕ ಲಗ್ನಗಳು 2 ಗಂಟೆ 10 ನಿಮಿಷದಷ್ಟು ಉದ್ದ. ಎರಡು ಗಂಟೆಯ ಲಗ್ನದಲ್ಲಿ ಪತ್ರಿಕೆಗೆ ಮುಕ್ಕಾಲು ಗಂಟೆಯನ್ನೇ ಯಾಕೆ ಹಾಕುತ್ತಾರೆ? ಲಗ್ನವನ್ನು 9 ನವಾಂಶಗಳಾಗಿ ಒಡೆದರೆ ಮಿಥುನದಲ್ಲಿ ಒಂದೊಂದೂ 14-15 ನಿಮಿಷ ಬರುತ್ತದೆ. ಶುಭ ನವಾಂಶಗಳಷ್ಟನ್ನೇ ಆರಿಸಿದಾಗ ಕಿಟಕಿ ಕಿರಿದಾಗುತ್ತದೆ. ಮದುವೆಯ ಲಗ್ನಕ್ಕೆ ಇನ್ನೊಂದು ಕಟ್ಟುನಿಟ್ಟಿನ ನಿಯಮವೂ ಇದೆ: ಲಗ್ನದಿಂದ ಏಳನೆಯ ಮನೆಯಲ್ಲಿ (ಲಗ್ನವನ್ನೂ ಸೇರಿಸಿ ಎಣಿಸಿದಾಗ ಏಳನೆಯ ರಾಶಿ) ಯಾವ ಗ್ರಹವೂ ಇರಬಾರದು. ಇದೇ ಸಪ್ತಮಶುದ್ಧಿ. ಏಳನೆಯದು ದಾಂಪತ್ಯದ ಮನೆ, ಅದು ತೆರವಾಗಿರಲಿ ಎಂಬುದು ಆಶಯ.

ಲಗ್ನ ದಿನಕ್ಕೆ ಸುಮಾರು 4 ನಿಮಿಷ ಹಿಂದಕ್ಕೆ ಸರಿಯುತ್ತದೆ. ಹದಿನೈದು ದಿನಕ್ಕೆ ಒಂದು ಗಂಟೆ. ಆದ್ದರಿಂದ ಪಕ್ಕದ ಮನೆಯವರ ಮದುವೆಯ ಹೊತ್ತನ್ನೇ ಎರಡು ವಾರದ ಬಳಿಕ ಇಟ್ಟುಕೊಂಡರೆ ಲಗ್ನ ಬೇರೆಯಾಗಿರಲೂಬಹುದು. ಊರು ಬದಲಾದರೂ ಹಾಗೆಯೇ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷ. ಬೆಂಗಳೂರಿಗೂ ಮಂಗಳೂರಿಗೂ ಸುಮಾರು 11 ನಿಮಿಷ, ಕೋಲಾರಕ್ಕೂ ಕಾರವಾರಕ್ಕೂ 16 ನಿಮಿಷದ ವ್ಯತ್ಯಾಸ. ಬೆಂಗಳೂರಿನ ಜೋಯಿಸರು ಇಟ್ಟ ಮುಹೂರ್ತ, ಮದುವೆ ಮಾತ್ರ ಧರ್ಮಸ್ಥಳದಲ್ಲಿ ಎಂದಾದರೆ ಒಂದು ನವಾಂಶವೇ ಕೈತಪ್ಪಬಹುದು. ಜಾತಕ ಕೊಡುವಾಗಲೇ ಮದುವೆ ನಡೆಯುವ ಊರಿನ ಹೆಸರು ಹೇಳಿ. ಎರಡು ಮನೆಯವರು ಬೇರೆ ಬೇರೆ ಪಂಚಾಂಗ ನೋಡುವವರಾದರೆ ಯಾವುದನ್ನು ಹಿಡಿಯುವುದು ಎಂಬುದನ್ನೂ ಆಗಲೇ ತೀರ್ಮಾನಿಸಿ. ಆಕಾಶದಲ್ಲಿ ಗ್ರಹಗಳು ಕಾಣುವ ಸ್ಥಾನಕ್ಕೆ ಹೊಂದಿಸಿದ ದೃಗ್ಗಣಿತದ ಪಂಚಾಂಗಕ್ಕೂ ಹಳೆಯ ಗ್ರಂಥದ ಲೆಕ್ಕ ಹಿಡಿದ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಕೆಲವೊಮ್ಮೆ ಗಂಟೆಗಟ್ಟಲೆ ಅಂತರ ಬರುತ್ತದೆ.

ಅತಿ ಹೆಚ್ಚು ತಪ್ಪು ನಡೆಯುವುದು ರಾಹುಕಾಲದಲ್ಲಿ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಎಂದು ಎಲ್ಲರಿಗೂ ಬಾಯಿಪಾಠ. ಇದು ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಎಂದು ಇಟ್ಟುಕೊಂಡ ಲೆಕ್ಕ. ನಿಯಮ ಇರುವುದು ಹಗಲನ್ನು ಎಂಟು ಸಮಪಾಲು ಮಾಡಬೇಕೆಂದು, ಶುಕ್ರವಾರ ನಾಲ್ಕನೆಯ ಪಾಲು ರಾಹುವಿನದೆಂದು. ಜನವರಿ ಕೊನೆಯ ಒಂದು ಶುಕ್ರವಾರ ಬೆಂಗಳೂರಿನಲ್ಲಿ ಸೂರ್ಯೋದಯ 6-45, ಸೂರ್ಯಾಸ್ತ 6-20 ಎನ್ನೋಣ. ಹಗಲು 695 ನಿಮಿಷ, ಒಂದು ಪಾಲು ಸುಮಾರು 87 ನಿಮಿಷ. ನಾಲ್ಕನೆಯ ಪಾಲು 11-06ಕ್ಕೆ ಶುರುವಾಗಿ 12-32ಕ್ಕೆ ಮುಗಿಯುತ್ತದೆ. ರಾಹುಕಾಲ ಕಳೆಯಿತೆಂದು 12-10ಕ್ಕೆ ತಾಳಿ ಕಟ್ಟಿಸಿದವರು ಅದರ ನಡುವೆಯೇ ಕಟ್ಟಿಸಿದಂತಾಯಿತು. 10-45ಕ್ಕೆ ಬೇಡವೆಂದು ಹಟ ಹಿಡಿದವರು ಒಳ್ಳೆಯ ಹೊತ್ತನ್ನೇ ಬಿಟ್ಟರು.

ಅಭಿಜಿನ್ ಮುಹೂರ್ತವೂ ಹೀಗೆಯೇ. ಹಗಲಿನ 15 ಪಾಲುಗಳಲ್ಲಿ ನಡುವಿನದು, ಸುಮಾರು 48 ನಿಮಿಷ. ಅದರ ಮಧ್ಯಬಿಂದು ಸೂರ್ಯ ನೆತ್ತಿಗೆ ಬರುವ ಹೊತ್ತು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರಿನ ನಡುಹಗಲು ಸರಾಸರಿ 12-20ಕ್ಕೆ, ಮಂಗಳೂರಿನದು 12-30ಕ್ಕೆ, ವರ್ಷದುದ್ದಕ್ಕೂ ಕಾಲು ಗಂಟೆ ಆಚೀಚೆ. ಗಡಿಯಾರದ 12 ನೋಡಿ ಹೊರಟರೆ ತಪ್ಪುತ್ತದೆ. ಬುಧವಾರ ಅಭಿಜಿನ್ ಬಳಸುವುದಿಲ್ಲ.

ಮುಹೂರ್ತದಲ್ಲಿ ಆಗಬೇಕಾದ್ದು ಯಾವುದು

ಆ ಹೊತ್ತಿನೊಳಗೆ ಇಡೀ ಮದುವೆ ಮುಗಿಯಬೇಕಿಲ್ಲ. ಒಂದೇ ಒಂದು ಕ್ರಿಯೆ ಅದರೊಳಗೆ ಬಿದ್ದರೆ ಸಾಕು. ಅದು ಯಾವುದೆಂಬುದು ಮನೆತನದಿಂದ ಮನೆತನಕ್ಕೆ ಬೇರೆ. ಕೆಲವರಲ್ಲಿ ಅಂತಃಪಟ (ವಧೂವರರ ನಡುವಿನ ತೆರೆ) ಸರಿಸಿ ಜೀರಿಗೆ ಬೆಲ್ಲ ಇಡುವ ಕ್ಷಣ, ಕೆಲವರಲ್ಲಿ ಮಾಂಗಲ್ಯಧಾರಣೆ, ಕರಾವಳಿಯಲ್ಲೂ ಒಕ್ಕಲಿಗರ ಹಲವು ಮನೆಗಳಲ್ಲೂ ಧಾರೆ. ಪುರೋಹಿತರನ್ನು ಮೊದಲೇ ಕೇಳಿ, ಫೋಟೋಗ್ರಾಫರ್‌ಗೂ ಓಲಗದವರಿಗೂ ತಿಳಿಸಿ. ಮುಹೂರ್ತ ಮೀರುವುದು ಹೆಚ್ಚಾಗಿ ಗೌರಿಪೂಜೆಗೆ ಕೂತ ಹುಡುಗಿಯ ಅಲಂಕಾರ ಮುಗಿಯದೆ, ಇಲ್ಲವೇ ವರನ ಮೆರವಣಿಗೆ ಛತ್ರದ ಬಾಗಿಲಲ್ಲಿ ಕುಣಿಯುತ್ತಾ ನಿಂತು. ಮುಹೂರ್ತಕ್ಕೆ ಒಂದೂವರೆ ಗಂಟೆ ಮೊದಲು ವರ ಮಂಟಪಕ್ಕೆ ಬಂದಿರಬೇಕು, ಅರ್ಧ ಗಂಟೆ ಮೊದಲು ವಧು ಸಿದ್ಧವಾಗಿರಬೇಕು. ಇಷ್ಟು ಅಂತರ ಇಟ್ಟುಕೊಂಡರೆ ಮಂತ್ರವನ್ನು ಓಡಿಸುವ ಪ್ರಸಂಗ ಬರುವುದಿಲ್ಲ.

ಹಿಂದೆ ಗಡಿಯಾರದ ಕೆಲಸ ಗಳಿಗೆ ಬಟ್ಟಲಿನದು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಕೊಳಗದಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗಲು 24 ನಿಮಿಷ, ಒಂದು ಗಳಿಗೆ. ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ, 48 ನಿಮಿಷ. ಸೂರ್ಯೋದಯದಿಂದ ಎಣಿಕೆ ಶುರು. ಸ್ಥಳೀಯ ಸೂರ್ಯೋದಯವೇ ಆಧಾರವಾಗಿದ್ದರಿಂದ ಬೇರೆ ಊರಿನ ಹೊತ್ತು ನುಸುಳುವ ತಪ್ಪು ಆಗ ಆಗುತ್ತಿರಲಿಲ್ಲ.

ಜೀರಿಗೆ ಬೆಲ್ಲವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿಂಬೆಹಣ್ಣಿನಷ್ಟು ಬೆಲ್ಲಕ್ಕೆ ಎರಡು ಚಮಚ ಜೀರಿಗೆ ಸಾಕು. ನೀರು ಸೋಕಿಸದೆ ಒಟ್ಟಿಗೆ ಕುಟ್ಟಬೇಕು. ನೀರು ಹಾಕಿದರೆ ಪಾಕವಾಗಿ ಹಣೆಗೆ ಇಳಿದು ಬಾಸಿಂಗಕ್ಕೂ ಸೀರೆಗೂ ಅಂಟುತ್ತದೆ. ಪುಡಿಬೆಲ್ಲವಾದರೆ ಉದುರಿಹೋಗುತ್ತದೆ, ಅಚ್ಚುಬೆಲ್ಲ ಒಳ್ಳೆಯದು. ಮಂಗಳಾಷ್ಟಕ ನಡೆಯುವಾಗ ತೆರೆಯ ಎರಡೂ ಬದಿ ನಿಂತ ವಧೂವರರ ಕೈಯಲ್ಲಿ ವೀಳ್ಯದೆಲೆಯ ಮೇಲೆ ಅದು ಸಿದ್ಧವಿರಬೇಕು. ತೆರೆ ಸರಿದ ಕೂಡಲೇ ಒಬ್ಬರ ನೆತ್ತಿಗೆ ಒಬ್ಬರು ಇಡುತ್ತಾರೆ. ಬೆಲ್ಲದ ಸಿಹಿ, ಜೀರಿಗೆಯ ಒಗರು ಒಮ್ಮೆ ಬೆರೆತರೆ ಬೇರೆ ಮಾಡಲಾಗದು ಎಂದು ಅರ್ಥ ಹೇಳುತ್ತಾರೆ. ಇಲ್ಲಿ ಆಗುವ ದೊಡ್ಡ ಅಪಚಾರವೆಂದರೆ ಫೋಟೋಗಾಗಿ 'ಇನ್ನೊಂದು ಸಲ' ಎಂದು ತೆರೆ ಎತ್ತಿಸುವುದು. ಮೊದಲ ನೋಟ ಎರಡು ಸಲ ಬರುವುದಿಲ್ಲ.

ತಾಳಿ ಕಟ್ಟುವಾಗ 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೂಗುವುದು ಯಾರ ಸೀನೂ, ಅಳುವೂ, ಒರಟು ಮಾತೂ ಆ ಕ್ಷಣ ಕಿವಿಗೆ ಬೀಳದಿರಲಿ ಎಂದು. ಅಕ್ಷತೆಗೆ ಮುರಿಯದ ಅಕ್ಕಿಯೇ ಬೇಕು. ಅರಿಶಿನ ಹಿಡಿಸಲು ನೀರಿನ ಬದಲು ನಾಲ್ಕು ಹನಿ ತುಪ್ಪ ಹಾಕಿ. ನೀರು ಹಾಕಿ ಹಿಂದಿನ ರಾತ್ರಿಯೇ ಕಲಸಿಟ್ಟರೆ ಗಂಟಾಗಿ ಮುಗ್ಗಲು ವಾಸನೆ ಬರುತ್ತದೆ. ದೂರ ಕೂತವರು ಬೀಸಿ ಎಸೆಯುವುದಕ್ಕಿಂತ ಸಾಲಾಗಿ ಬಂದು ತಲೆಯ ಮೇಲೆ ಹಾಕುವುದು ಕಣ್ಣಿಗೂ ಕ್ಷೇಮ, ಕಾಲಡಿ ಅಕ್ಕಿ ಜಾರುವುದೂ ಕಡಿಮೆ.

ಸಾವಿನ ಸುದ್ದಿ ಬಂದರೆ ಮದುವೆ ನಿಲ್ಲಬೇಕೇ ಎಂಬ ಭಯಕ್ಕೂ ಶಾಸ್ತ್ರದಲ್ಲೇ ಪರಿಹಾರವಿದೆ. ನಾಂದಿ (ಮದುವೆಯ ಕೆಲಸಗಳ ಆರಂಭದಲ್ಲಿ ಪಿತೃಗಳನ್ನು ನೆನೆದು ಮಾಡುವ ವಿಧಿ) ಆದ ಮೇಲೆ ಆ ಮದುವೆಯ ಕರ್ಮಕ್ಕೆ ಸೂತಕ ತಟ್ಟುವುದಿಲ್ಲ.

ಹೆಣ್ಣಿನ ನಕ್ಷತ್ರದ ಮೇಲಿನ ಅಪವಾದ

ಮೂಲಾ ನಕ್ಷತ್ರದವಳು ಮಾವನಿಗಾಗದು, ಆಶ್ಲೇಷಾ ಅತ್ತೆಗಾಗದು, ಜ್ಯೇಷ್ಠಾ ಭಾವನಿಗಾಗದು, ವಿಶಾಖಾ ಮೈದುನನಿಗಾಗದು. ಈ ನಾಲ್ಕು ಮಾತು ಎಷ್ಟು ಸಂಬಂಧಗಳನ್ನು ಜಾತಕ ಬಿಚ್ಚುವ ಮೊದಲೇ ಮುರಿದಿವೆಯೋ ಲೆಕ್ಕವಿಲ್ಲ. ಇದನ್ನು ಹೇಳುವ ಮುಹೂರ್ತ ಗ್ರಂಥಗಳೇ ಜೊತೆಯಲ್ಲಿ ವಿನಾಯಿತಿಯನ್ನೂ ಹೇಳಿವೆ: ಮೂಲಾದ ನಾಲ್ಕನೆಯ ಪಾದಕ್ಕೆ (ಒಂದು ನಕ್ಷತ್ರದ ನಾಲ್ಕನೇ ಒಂದು ಭಾಗವೇ ಪಾದ) ದೋಷವಿಲ್ಲ, ಆಶ್ಲೇಷದ ಮೊದಲ ಪಾದಕ್ಕಿಲ್ಲ, ವಿಶಾಖದ ಮೊದಲ ಮೂರು ಪಾದಗಳಿಗೂ ಇಲ್ಲ. ವಿಶಾಖದ ನಾಲ್ಕರಲ್ಲಿ ಮೂವರು ಹುಡುಗಿಯರು ಶಾಸ್ತ್ರದ ಪ್ರಕಾರವೇ ನಿರ್ದೋಷಿಗಳು ಎಂದಾಯಿತು. ಮೂಲಾ ಮದುವೆಗೆ ಒಪ್ಪಿತವಾದ ಹನ್ನೊಂದು ನಕ್ಷತ್ರಗಳಲ್ಲೊಂದು ಎಂಬುದನ್ನೂ ಮರೆಯುವುದು ಬೇಡ. ಮಾವನ ಆಯುಷ್ಯವನ್ನು ಸೊಸೆಯ ಹುಟ್ಟಿದ ಗಳಿಗೆಗೆ ಕಟ್ಟುವುದು ಅನ್ಯಾಯ. ಅದನ್ನು ಅರ್ಧಂಬರ್ಧ ಕೇಳಿ ಕಟ್ಟುವುದು ಇನ್ನೂ ದೊಡ್ಡ ಅನ್ಯಾಯ.

ಕುಜದೋಷದ ಗಣಿತವನ್ನೂ ನೋಡಿ. ಕುಜ, ಎಂದರೆ ಮಂಗಳ ಗ್ರಹ, 2, 4, 7, 8, 12ನೆಯ ಮನೆಗಳಲ್ಲಿದ್ದರೆ ದೋಷ. ಕೆಲವರು 1ನ್ನೂ ಸೇರಿಸುತ್ತಾರೆ. ಹನ್ನೆರಡರಲ್ಲಿ ಐದು ಮನೆ ಎಂದರೆ ಲಗ್ನದಿಂದ ಮಾತ್ರ ಎಣಿಸಿದರೂ ಹತ್ತು ಜಾತಕದಲ್ಲಿ ನಾಲ್ಕಕ್ಕೆ ಬರುತ್ತದೆ. ಲಗ್ನ, ಚಂದ್ರ, ಶುಕ್ರ ಮೂರರಿಂದಲೂ ಎಣಿಸಿದರೆ ಸ್ಥೂಲವಾಗಿ ಹತ್ತರಲ್ಲಿ ಎಂಟಕ್ಕೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಇಷ್ಟು ಜನರಿಗಿರುವುದನ್ನು ಒಬ್ಬಳ ಕಳಂಕವೆಂದು ಹೇಳಲಾಗದು. ಕುಜ ಮೇಷ, ವೃಶ್ಚಿಕ, ಮಕರದಲ್ಲಿದ್ದರೆ, ಅಥವಾ ಇಬ್ಬರಿಗೂ ದೋಷವಿದ್ದರೆ ಪರಿಹಾರವೆಂದೇ ಎಣಿಸುತ್ತಾರೆ.

ಅರುಂಧತಿ ಯಾವಾಗ ಕಾಣುತ್ತದೆ

ಸಪ್ತರ್ಷಿ ಮಂಡಲದ ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿದಂತೆ ಮಿಣುಗುವ ಮಂಕು ನಕ್ಷತ್ರ ಅರುಂಧತಿ. ಮಧ್ಯಾಹ್ನ ಊಟದ ಹೊತ್ತಿಗೆ ಪುರೋಹಿತರು ಛತ್ರದ ಚಾವಣಿಯತ್ತ ಕೈ ತೋರಿಸುವುದು ಈಗ ರೂಢಿಯಾಗಿದೆ, ಆದರೆ ವಿಧಿ ಇರುವುದು ರಾತ್ರಿ ನಕ್ಷತ್ರ ಮೂಡಿದ ಮೇಲೆ. ಕರ್ನಾಟಕದಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಾತ್ರಿ ಎಂಟಕ್ಕೆ ಅದು ಉತ್ತರದ ಆಕಾಶದಲ್ಲಿ ಇರುತ್ತದೆ. ಮೇ, ಜೂನ್‌ನಲ್ಲಿ ಅತಿ ಎತ್ತರ, ದಿಗಂತದಿಂದ ಸುಮಾರು 48 ಡಿಗ್ರಿ. ಫೆಬ್ರವರಿ ಮಧ್ಯದಲ್ಲಿ ಒಂಬತ್ತರ ಹೊತ್ತಿಗಷ್ಟೇ ಹುಟ್ಟುತ್ತದೆ. ನವೆಂಬರ್, ಡಿಸೆಂಬರ್ ಮದುವೆಗಳಲ್ಲಿ ಸಂಜೆ ನೋಡಿದರೆ ಸಿಗುವುದೇ ಇಲ್ಲ, ಬೆಳಗಿನ ಜಾವ ಐದಕ್ಕೆ ಏಳಬೇಕು. ನಗರದ ಬೆಳಕಿನಲ್ಲಿ ಬೈನಾಕ್ಯುಲರ್ ಬೇಕಾಗುತ್ತದೆ. ಧ್ರುವ ಇನ್ನೂ ಕಷ್ಟ. ಅದು ಬೆಂಗಳೂರಿನಲ್ಲಿ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುವುದರಿಂದ ಮೂರಂತಸ್ತಿನ ಕಟ್ಟಡ ಎದುರಿಗಿದ್ದರೂ ಮರೆಯಾಗುತ್ತದೆ.

ಮುಹೂರ್ತ ಮೀರಿದರೆ ಮದುವೆ ಆಗಲಿಲ್ಲವೇ?

ಆಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಮುಹೂರ್ತದ ಮಾತೆತ್ತುವುದಿಲ್ಲ. ವಧು ಅಥವಾ ವರನ ಕಡೆಯ ರೂಢಿಯ ವಿಧಿ ನಡೆದಿರಬೇಕು, ಅದರಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ ಎನ್ನುತ್ತದೆ. ವಿಧಿಯೇ ನಡೆಯದೆ ಬರೀ ನೋಂದಣಿ ಪತ್ರ ಪಡೆದರೆ ಅದು ಹಿಂದೂ ವಿವಾಹವಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಗೆ ರೂಪಿಸಿದ ಮಂತ್ರ ಮಾಂಗಲ್ಯದ ದಾರಿಯಲ್ಲಿ ರಾಹುಕಾಲ, ಜಾತಕಗಳ ಹಂಗಿಲ್ಲದೆ ಮದುವೆಯಾದವರು ನಾಡಿನಲ್ಲಿ ಬಹಳ ಮಂದಿ ಇದ್ದಾರೆ.

ಲಗ್ನ ಸಿಗದೇ ಹೋದಾಗ ಹಿರಿಯರು ಹಿಡಿಯುತ್ತಿದ್ದ ಇನ್ನೊಂದು ದಾರಿ ಗೋಧೂಳಿ ಲಗ್ನ, ದನ ಮನೆಗೆ ಮರಳುವ ಸೂರ್ಯಾಸ್ತದ ಆಸುಪಾಸು. ಅದಕ್ಕೆ ಉಳಿದ ದೋಷಗಳನ್ನು ಹೆಚ್ಚು ಎಣಿಸುವುದಿಲ್ಲ. ಬೆಳಗಿನ ಮುಹೂರ್ತ ಕಾರಣಾಂತರದಿಂದ ಪೂರ್ತಿ ತಪ್ಪಿದರೆ ಗಾಬರಿಯಾಗದೆ ಪುರೋಹಿತರನ್ನು ಮುಂದಿನ ಶುಭ ನವಾಂಶ ಕೇಳಿ, ಅದೂ ಇಲ್ಲದಿದ್ದರೆ ಗೋಧೂಳಿ ಕೇಳಿ. ಸಪ್ತಪದಿಯ ಏಳೂ ಹೆಜ್ಜೆ ಇಬ್ಬರ ಮುಖದ ಜೊತೆ ಕಾಣುವಂತೆ ಫೋಟೋ ತೆಗೆಸಿ. ನೋಂದಣಿಗೆ ಹೋಗುವಾಗ ಇಬ್ಬರ ವಯಸ್ಸಿನ ದಾಖಲೆ, ವಿಳಾಸದ ದಾಖಲೆಗಳ ಜೊತೆ ಅದನ್ನೂ ಒಯ್ಯಿರಿ.